ಒಂದೂವರೆ ಎಂಎಲ್

ಇಲ್ಲ ಅಕ್ಕ, ನೀವು ಹೇಳಿದ್ದನ್ನೇ ಬರೆದಿದ್ದೀನಿ. ಎಷ್ಟು ಸಲ ಹೇಳ್ಲಿ? ನಿಮ್ಮ ಮುರಿದ ಕೈಗೆ ನಾನು ಬದಲಿ ಕೈ, ಅಷ್ಟೇ. ನೀವು ಹೇಳೋದು, ನಾನು ಬರೆಯೋದು. ಕೈಗೆ ಸ್ವಂತ ಬುದ್ಧಿ ಇರುತ್ತಾ? ...ಹಾಗೆ ನೋಡ್ಬೇಡಿ.

ಬನ್ನಿ, ಏಳಿ. ಕೂರೋಕೆ ಈ ಬೆಂಚೇ ಸಿಕ್ತಾ, ಪರೀಕ್ಷಾ ವಿಭಾಗದ ಬಾಗಿಲಿಗೆ ಎದುರಿಗೆ? ಕ್ಯಾಂಟೀನಲ್ಲಿ ಒಂದು ಟೀ ಕುಡಿದು ಹೊರಡೋಣ. ನಿಮ್ಮ ಬ್ಯಾಗೂ ನಾನೇ ಹೊತ್ಕೋತೀನಿ, ನನ್ನದು ಆಗ್ಲೇ ಹೆಗಲ ಮೇಲಿದೆ. ಬೇಡ್ವಾ? ಕೈ ನೋಯ್ತಿದೆಯಾ? ಹಾಸ್ಟೆಲ್ ಮೆಟ್ಟಿಲಿಂದ ಬಿದ್ದು ಇನ್ನೂ ಹನ್ನೊಂದು ದಿನ, ನೋವು ಇರುತ್ತೆ ಬಿಡಿ. ನಗ್ತಿದ್ದೀರಾ? ...ಅಲ್ಲ. ಅದು ನಗು ಅಲ್ಲ.

ಒಳಗೆ ಏನು ನೋಡ್ತೀರಿ? ಗುಮಾಸ್ತರು ಉತ್ತರಪತ್ರಿಕೆಗಳ ಬಂಡಲ್ ಕಟ್ತಿದ್ದಾರೆ. ಬಟ್ಟೆ ಚೀಲಕ್ಕೆ ಹಾಕಿ, ಬಾಯಿ ಹೊಲಿದು, ಅರಗು ಬಿಡ್ತಾರೆ. ನಾಲ್ಕೂವರೆಗೆ ವ್ಯಾನ್ ಬರುತ್ತೆ. ಆಮೇಲೆ ನೀವು ಕೇಳಿದ್ರೂ ಆಗಲ್ಲ, ನಾನು ಹೇಳಿದ್ರೂ ಆಗಲ್ಲ. ಏನೂ ಇಲ್ಲ ಹೇಳೋಕೆ... ಮಾತಿಗೆ ಅಂದೆ.

ಹದಿನಾಲ್ಕನೇ ಪ್ರಶ್ನೆನಾ? ಅದಕ್ಕೇನಾಯ್ತು?

ಪೆನ್ ನಿಲ್ಲಿಸಿದ್ದು ನೋಡಿದ್ರಾ. ಬೆರಳು ಹಿಡ್ಕೊಂಡಿತ್ತು ಅಕ್ಕ. ಮೂರು ಗಂಟೆಯ ನರ್ಸಿಂಗ್ ಪೇಪರ್, ಅದರ ಮೇಲೆ ಕೈ ಮುರಿದಿದ್ದಕ್ಕೆ ನಿಮಗೆ ಕೊಟ್ಟ ಇನ್ನೊಂದು ಗಂಟೆ. ಆ ಸಣ್ಣ ರೂಮಲ್ಲಿ ನಾವಿಬ್ರು, ಆ ಮೇಲ್ವಿಚಾರಕ ಸಾರು, ತಿರುಗದ ಫ್ಯಾನು. ಸುಸ್ತಾಗಲ್ವಾ? ಬರೆದಿದ್ದನ್ನ ಒಂದ್ಸಲ ಓದಿ ಹೇಳು ಅಂದ್ರಿ, ಟೈಮ್ ಆಯ್ತು ಅಂದೆ. ಆಗಿತ್ತು ಟೈಮು.

...ಆಗಿರ್ಲಿಲ್ಲ. ಏಳು ನಿಮಿಷ ಇತ್ತು. ಗಡಿಯಾರ ನಿಮ್ಮ ಬೆನ್ನ ಹಿಂದೆ ಇತ್ತು, ಆದ್ರೂ ನಿಮಗೆ ಗೊತ್ತಾಗಿದೆ.

ಆ ಪ್ರಶ್ನೆಪತ್ರಿಕೆ ಯಾಕೆ ತಿರುಗಿಸ್ತೀರಿ? ಹಿಂದೆ ಏನಿದೆ? ಓ... ಎಡಗೈಯಲ್ಲಿ ಗೀಚಿದ್ದೀರ. ಹನ್ನೆರಡು ಕೆಜಿ ಮಗು, ಕೆಜಿಗೆ ಐದು ಮಿಲಿಗ್ರಾಂ, ಒಟ್ಟು ಅರವತ್ತು. ಒಂದು ಎಂಎಲ್ಲಲ್ಲಿ ನಲವತ್ತು. ಒಂದೂವರೆ ಎಂಎಲ್. ಚಿಕ್ಕ ಮಕ್ಕಳ ಅಕ್ಷರದ ಹಾಗಿದೆ, ಆದ್ರೆ ಓದೋಕಾಗುತ್ತೆ. ಸರಿಯಾಗಿದೆ. ಸರಿಯಾಗೇ ಇದೆ ಅಕ್ಕ.

ನಾನು ಹಾಗೆ ಬರೆದಿಲ್ಲ.

ಸೊನ್ನೆ ಪಾಯಿಂಟ್ ಒಂದು ಐದು ಅಂತ ಬರೆದೆ. ನೀವು ಒಂದೂವರೆ ಅಂದಿದ್ದು ಚೆನ್ನಾಗೇ ಕೇಳಿಸಿತ್ತು. ಬೈದುಬಿಡಿ. ಬೈಯ್ರಿ ಅಕ್ಕ, ಎರಡು ಬಿಗಿದ್ರೂ ಸರಿ. ಡೋಸ್ ಲೆಕ್ಕ ತಪ್ಪಿದ್ರೆ ಉಳಿದಿದ್ದೆಲ್ಲ ಸರಿ ಇದ್ರೂ ಪಾಸ್ ಮಾಡಲ್ಲ ಅಂತ ನೀವೇ ಬೆಳಿಗ್ಗೆ ಹೇಳಿದ್ರಿ. ಇದು ಹೋದ್ರೆ ಇನ್ನೊಂದು ವರ್ಷ. ನಿಮ್ಮ ಅಮ್ಮ ಆಗ್ಲೇ ಬಿಳಿ ಯೂನಿಫಾರ್ಮ್ ಹೊಲಿಸಿ ಇಟ್ಟಿದ್ದಾರೆ ಅಂತಾನೂ ಹೇಳಿದ್ರಿ. ನನಗೆ ಎಲ್ಲ ನೆನಪಿದೆ.

ಒಳಗೆ ಹೋಗಿ ಹೇಳೋಣ ಅಂತೀರಾ? ಬರೆದುಕೊಡೋ ಸ್ಕ್ರೈಬ್ ತಪ್ಪು ಮಾಡಿದ್ರೆ ಚೀಲ ಹೊಲಿಯೋ ಮುಂಚೆ ವರದಿ ಬರೀಬಹುದು, ಸಾರ್ ಹೇಳಿದ್ದು ನನಗೂ ಗೊತ್ತು. ಆದ್ರೆ ಯಾಕೆ ಬದಲಾಯಿಸಿದೆ ಅಂತ ಕೇಳ್ತಾರಲ್ಲ. ಏನು ಹೇಳ್ಲಿ? ಬಾಯಿ ತಪ್ಪಿ... ಕೈ ತಪ್ಪಿ ಅಂತೀನಿ. ಬಿಕಾಂ ಹುಡುಗಿ, ಔಷಧಿ ವಿಷಯ ಏನು ಗೊತ್ತು ಪಾಪ ಅಂತ ಬಿಡ್ತಾರೆ. ಅಲ್ವಾ?

ತಲೆ ಅಲ್ಲಾಡಿಸ್ತಿದ್ದೀರ. ನಂಬಲ್ವಾ?

ಹೌದು. ಏನೂ ಗೊತ್ತಿಲ್ಲದವಳು ಹೇಳಿದ್ದನ್ನ ಹೇಳಿದ ಹಾಗೇ ಬರೀತಾಳೆ. ಪಾಯಿಂಟ್ ಎಲ್ಲಿ ಬಿದ್ರೆ ಅವಳಿಗೇನು? ಪಾಯಿಂಟ್ ಕಂಡ್ರೆ ಹೆದರೋಳು... ಗೊತ್ತಿರೋಳೇ.

ಸ್ಕ್ರೈಬ್ ಆಗೋರು ಈ ವಿಷಯ ಓದಿರಬಾರದು. ಓದಿಲ್ಲ ಅಂತ ನಾನು ಫಾರಂ ಮೇಲೆ ಸಹಿ ಹಾಕಿದ್ದು ಸುಳ್ಳು. ಬೇರೆ ಊರಲ್ಲಿ ಒಂದೂವರೆ ವರ್ಷ ನರ್ಸಿಂಗ್ ಓದಿದ್ದೀನಿ. ರಕ್ತ ಕಂಡ್ರೆ ತಲೆ ತಿರುಗುತ್ತೆ, ಅದಕ್ಕೇ ಬಿಟ್ಟೆ ಅಂತ ಮನೇಲಿ ಹೇಳಿದೆ. ನಿಮಗೆ ಬರೆಯೋಕೆ ಯಾರೂ ಸಿಗ್ತಿಲ್ಲ ಅಂತ ಗೊತ್ತಾದಾಗ, ಬಿಟ್ಟುಬಂದ ಆ ಓದಿಗೆ ಇಷ್ಟಾದ್ರೂ ಮಾಡೋಣ ಅನ್ನಿಸ್ತು... ಒಳ್ಳೇ ಮನಸ್ಸಿಂದಲೇ ಬಂದೆ ಅಕ್ಕ.

ರಕ್ತ ಕಂಡ್ರೆ ನನಗೆ ಏನೂ ಆಗಲ್ಲ.

ಇನ್ನೂ ನೋಡ್ತಿದ್ದೀರ. ಹೇಳ್ತೀನಿ. ಮಕ್ಕಳ ವಾರ್ಡು. ಮಧ್ಯಾಹ್ನ, ಊಟದ ಹೊತ್ತು. ಸಿಸ್ಟರ್ ಪಕ್ಕದ ಬೆಡ್ ಹತ್ರ ಇದ್ರು, ಇದನ್ನ ನೀನೇ ಕೊಡು, ಸಣ್ಣ ಡೋಸು ಅಂದ್ರು. ಕೇಸ್ ಶೀಟಲ್ಲಿ ಇದ್ದಿದ್ದು ಸೊನ್ನೆ ಪಾಯಿಂಟ್ ಒಂದು ಐದು. ನಾನು ಸಿರಿಂಜಿಗೆ ಎಳೆದು ಕೊಟ್ಟಿದ್ದು ಒಂದೂವರೆ, ಹತ್ತು ಪಟ್ಟು. ಬೆಡ್ ಮೇಲಿದ್ದ ಆ ಪುಟ್ಟ ಹೆಣ್ಣುಮಗು ನನ್ನ ಐಡಿ ಕಾರ್ಡಿನ ದಾರ ಹಿಡ್ಕೊಂಡು ಆಡ್ತಿತ್ತು. ಆಡ್ತಾ ಆಡ್ತಾ ಕೈ ಸಡಿಲ ಬಿಡ್ತು. ಸಿಸ್ಟರ್ ಓಡಿ ಬಂದ್ರು, ಡಾಕ್ಟರ್ ಬಂದ್ರು, ಪರದೆ ಎಳೆದ್ರು. ನಾನು ಪರದೆಯ ಈಚೆ ಇದ್ದೆ. ಇವತ್ತು ನೀವು ಒಂದೂವರೆ ಅಂದಾಗ ನನಗೆ ಆ ದಾರ ಕತ್ತಲ್ಲಿ ಎಳೆದ ಹಾಗಾಯ್ತು. ಈ ಸಲವಾದ್ರೂ ಸರಿಯಾಗಿ ಬರಿ ಅಂತ... ಕೈ ಬರೆದುಬಿಡ್ತು.

ಆಮೇಲೆ ಏನಾಯ್ತು ಅಂತ ಕೇಳಿ ಅಕ್ಕ. ಯಾರಾದ್ರೂ ಕೇಳ್ತಾರೆ ಅಂತ ಎರಡು ವರ್ಷದಿಂದ ಹೆದರಿ ಸಾಯ್ತಿದ್ದೀನಿ. ಕೇಳಿ.

ಕೇಳಲ್ವಾ.

ನನಗೆ ಗೊತ್ತಿಲ್ಲ. ಹಾಸ್ಟೆಲಿಗೆ ಬಂದೆ, ಬ್ಯಾಗ್ ತಗೊಂಡೆ, ಸಿಕ್ಕಿದ ಬಸ್ಸು ಹತ್ತಿದೆ. ಉಳೀತಾ, ಇಲ್ವಾ... ಒಂದು ಫೋನ್ ಮಾಡಿದ್ರೆ ಗೊತ್ತಾಗ್ತಿತ್ತು. ಮಾಡ್ಲಿಲ್ಲ.

ವ್ಯಾನ್ ಬಂತು. ಗುಮಾಸ್ತರು ಸೂಜಿಗೆ ದಾರ ಹಾಕ್ತಿದ್ದಾರೆ. ನೋಡಿ, ಇವತ್ತೂ ನಾನು ಬ್ಯಾಗ್ ಹೆಗಲಿಗೆ ಹಾಕ್ಕೊಂಡೇ ಮಾತಾಡ್ತಿದ್ದೀನಿ.

ತಗೊಳ್ಳಿ, ಈ ಬ್ಯಾಗನ್ನ ನಿಮ್ಮ ಒಳ್ಳೇ ಕೈಯಲ್ಲಿ ಹಿಡ್ಕೊಳ್ಳಿ. ನಾನು ಎಷ್ಟು ಕೇಳಿದ್ರೂ ವಾಪಸ್ ಕೊಡಬೇಡಿ. ಆ ಪ್ರಶ್ನೆಪತ್ರಿಕೆ ಇತ್ಲಾಗಿ ಕೊಡಿ... ಸಾರ್, ಒಂದು ನಿಮಿಷ. ಸಾರ್, ಅದನ್ನ ಹೊಲೀಬೇಡಿ.