ತೊಟ್ಟಿಯಲ್ಲಿ ಐವತ್ತು ಗಂಟೆ

…ನಿನ್ನ ಕರ್ಕೊಂಡು ಹೋಗೋಕೆ ಬಂದಿಲ್ಲ ಕಣೆ, ಅದನ್ನ ಮೊದಲು ತಲೆಯಿಂದ ತೆಗೆ! ಈ ಚೀಲದ ಜಿಪ್ಪು ಕಿತ್ತೋಗಿದೆ, ಹಾಕಿಸ್ಕೊಂಡು ಹೋಗೋಣ ಅಂತ ಬಂದೆ. ಅಷ್ಟೇ. ಯಾಕೆ ನಗ್ತೀಯ? ಈ ಬೀದೀಲಿ ಇನ್ನೂ ಮೂರು ಹೊಲಿಗೆ ಅಂಗಡಿ ಇದೆ ಅಂತ ನನಗೂ ಗೊತ್ತು. ಬೆಟ್ಟ ಇಳಿದು, ಎರಡು ಬಸ್ ಹತ್ತಿ, ಒಂದು ಜಿಪ್ಪಿಗೋಸ್ಕರ ಬಂದೆ. ನನ್ನ ಇಷ್ಟ!

ಆ ಬಟ್ಟೆ ರಾಶಿ ಸರಿಸು, ಕೂತ್ಕೋತೀನಿ. ಮೆಷಿನ್ ನಿಲ್ಲಿಸಬೇಡ, ತುಳೀತಿರು. ಓರಗಿತ್ತಿ ಬಂದಳು ಅಂತ ಯಾರೂ ಕೆಲಸ ನಿಲ್ಲಿಸೋದು ಬೇಡ. ನನ್ನ ಮೈದುನ ಹೇಗಿದಾನೆ? ನಿನ್ನ ಗಂಡನ್ನೇ ಕೇಳಿದ್ದು! ತಲೆ ಆಡಿಸಿದ್ರೆ ಮುಗೀತಾ? ಮಾತು ಬೆಳ್ಳಿ, ಮೌನ ಬಂಗಾರ ಅಂತಾರೆ; ನೀನಂತೂ ಒಡವೆ ಅಂಗಡಿನೇ ತೆರೆದಿದೀಯ.

ಆಯ್ತು, ಆಯ್ತು, ವಿಷಯಕ್ಕೇ ಬರ್ತೀನಿ. ನಾಳೆ ಬೆಳಿಗ್ಗೆ ಆಯಮ್ಮ ತೋಟಕ್ಕೆ ಬರ್ತಾಳೆ. ಅದೇ, ಕಾಫಿ ರುಚಿ ನೋಡೋಳು. ಚಮಚದಲ್ಲಿ ಸೊರ್ ಅಂತ ಎಳೆದು, ಬಾಯೆಲ್ಲಾ ಆಡಿಸಿ, ಉಗಿದು, ಬರ್ಕೋತಾಳಲ್ಲ! ಹೋದ ವರ್ಷ ನಮ್ಮ ಮೇಲಿನ ತೋಟದ ಕಾಫಿನ ಅವಳು ಉಗೀಲಿಲ್ಲ. ನುಂಗಿಬಿಟ್ಟಳು! ನುಂಗಿ, ಕಿತ್ತಳೆ ಸಿಪ್ಪೆ ಅಂದಳು, ಜೇನು ಅಂದಳು, ಇನ್ನೂ ಏನೇನೋ ಅಂದಳು. 'ಯಾರು ಮಾಡಿದ್ದು?' ಅಂತ ಕೇಳಿದಳು. ನಾನು ಅಂದೆ. ಇನ್ನೇನು ಅನ್ಲಿ? ಬೆಟ್ಟ ನಮ್ಮದು, ಮರದ ನೆರಳು ನಮ್ಮದು, ತೊಟ್ಟಿ ನಮ್ಮದು, ಅಂದ್ಮೇಲೆ ಕಾಫಿನೂ ನನ್ನದೇ! …ಕತ್ತರಿ ಹಂಗೆ ಕುಕ್ಕಬೇಡ, ಮೇಜು ಒಡೆದೀತು.

ಈಗ ಅದೇ ರುಚಿ ಇನ್ನೊಂದ್ಸಲ ಬೇಕಂತೆ ಅವಳಿಗೆ. ಮಾಡೋದನ್ನ ಕಣ್ಣಾರೆ ನೋಡ್ಬೇಕಂತೆ. ಹಣ್ಣಿನ ಸಿಪ್ಪೆ ಸುಲಿದು, ಬೀಜ ತೊಟ್ಟಿಗೆ ಹಾಕಿ, ಮೇಲಿನ ಅಂಟು ಹುಳಿಬಂದು ಬಿಡೋ ತನಕ ಕಾಯೋದು, ಆಮೇಲೆ ತೊಳೆಯೋದು. ಇದರಲ್ಲೇನಿದೆ ಮಹಾ ವಿದ್ಯೆ! ಇಪ್ಪತ್ನಾಲ್ಕು ಗಂಟೆ ಅಂತ ಮಾವ ಹೇಳ್ಕೊಟ್ರು. ಇಪ್ಪತ್ತೆರಡು ವರ್ಷ ಗಡಿಯಾರ ನೋಡ್ಕೊಂಡೇ ಮಾಡಿದೀನಿ ನಾನು. ಆಮೇಲೆ ನೀನು ಸೊಸೆಯಾಗಿ ಬಂದೆ. 'ಅಕ್ಕಾ, ಮೇಲಿನ ತೋಟ ತಂಪು, ಆ ನೆರಳಲ್ಲಿ ಎಲ್ಲಾ ನಿಧಾನ, ಗಡಿಯಾರ ಬಿಡಿ, ಕೈ ಹಾಕಿ ನೋಡಿ.' ಆಹಾಹಾ! ನಿನ್ನೆ ಮೊನ್ನೆ ಬಂದೋಳು! ಕೆಲಸದೋರೂ ಅಷ್ಟೇ, ನಾನು ಒಂದು ಹೇಳಿದ್ರೆ, 'ಚಿಕ್ಕಮ್ಮೋರನ್ನ ಒಂದ್ಮಾತು ಕೇಳ್ತೀವಿ' ಅನ್ನೋರು. ನನ್ನ ಮುಂದೇನೇ!

ಗಂಟೆ ಹೇಳು, ನನಗೆ ಅಷ್ಟೇ ಸಾಕು. ಹೋದ ವರ್ಷ ಆ ಬೀಜನ ನೀನು ತೊಟ್ಟೀಲಿ ಎಷ್ಟು ಗಂಟೆ ಬಿಟ್ಟಿದ್ದೆ? ಐವತ್ತು ತಾನೇ? ನಾನು ಎಣಿಸಿದೀನಿ. ಈ ಸಲ ಎರಡು ತೊಟ್ಟಿ ಐವತ್ತು ಗಂಟೆ ಬಿಟ್ಟೆ, ಒಂದು ನಿಮಿಷ ಹೆಚ್ಚಿಲ್ಲ, ಕಮ್ಮಿ ಇಲ್ಲ. ಒಣಗಿಸಿ ಹುರಿದು ಕುಡಿದ್ರೆ ಮೊದಲನೇದು ಬರೀ ವಿನೆಗರ್. ಎರಡನೇದು… ಬಿಡು, ಬಾಯಲ್ಲಿ ಇಡೋಕಾಗಲಿಲ್ಲ. ನಗು, ನಗು! ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಅದನ್ನೇ ತಾನೇ ಅನ್ಕೋತಿರೋದು?

ಮೇಲಿನ ತೋಟದ ಕೊನೇ ಹಣ್ಣು ನಿನ್ನೆ ಮಧ್ಯಾಹ್ನ ತೊಟ್ಟಿಗೆ ಬಿದ್ದಿದೆ. ಇದೂ ಕೆಟ್ಟರೆ ಈ ವರ್ಷಕ್ಕೆ ಇನ್ನಿಲ್ಲ. ಆಯಮ್ಮ ಮತ್ತೆ ಬೆಟ್ಟ ಹತ್ತಲ್ಲ. ಆಗ ಮನೇಲಿ ಎಲ್ಲರೂ ಸೇರಿ ಆ ಮರಗಳಿಗೆ ಗರಗಸ ಇಡ್ತಾರೆ! ನಿಮ್ಮ ಭಾವ ಈಗಾಗ್ಲೇ ಶುರು ಹಚ್ಕೊಂಡಿದಾರೆ: ನೆರಳು ತೆಗೀರಿ, ಬಿಸಿಲು ಬೀಳಲಿ, ಗಿಡ ಮೈತುಂಬಾ ಬಿಡುತ್ತೆ. ಆ ರುಚಿ ನೆರಳಿಂದ್ಲೇ ಬರೋದು ಅಂತ ಒಬ್ಬಳೇ ಅಡ್ಡ ನಿಂತಿದೀನಿ. ನನ್ನ ಮೇಲೆ ಕೋಪ ಇರ್ಲಿ ನಿನಗೆ, ಮರಗಳೇನು ಮಾಡಿದ್ವು?

ಏನದು, ಕೈ ಎತ್ತಿ ತೋರಿಸ್ತೀಯ? ಕೈ ಹಾಕಿ ನೋಡಿದ್ರಾ ಅಂತಾನಾ? ಇಲ್ಲ. ಹಾಕಿಲ್ಲ! ಹಾಕೋದೂ ಇಲ್ಲ! ಯಾಕೆ ಅಂದ್ರೆ… ಯಾಕೂ ಇಲ್ಲ. ನನಗೆ ಗಡಿಯಾರ ಸಾಕು.

ಗಂಡನ್ನ ಕರ್ಕೊಂಡು ಮನೆ ಬಿಟ್ಟು ಬಂದ್ಯಲ್ಲ, ಇನ್ನೂ ಆವತ್ತಿನದ್ದೇ ಮನಸ್ಸಲ್ಲಿ ಇಟ್ಕೊಂಡಿದೀಯ ಅಲ್ವಾ? ಹೌದು, ಇಪ್ಪತ್ತು ಜನದ ಮುಂದೆ 'ಕೊಳೆಸಿಬಿಟ್ಟೆ, ಇನ್ಮೇಲೆ ತೊಟ್ಟಿ ಹತ್ರ ಕಾಲಿಡಬೇಡ' ಅಂದೆ. ಅಂದೆ! ಇಲ್ಲ ಅನ್ನಲ್ಲ. ಎರಡು ಹಗಲು ಎರಡು ರಾತ್ರಿ ಬೀಜ ತೊಳೀದೆ ಬಿಟ್ರೆ ಯಾರಾದ್ರೂ ಅನ್ನೋ ಮಾತೇ ಅದು. ಕೊಳೆತಿದೆ ಅಂತಾನೇ ನಂಬಿದ್ದೆ ನಾನು. ನಂಬಿ, ಅದನ್ನ ನೀಟಾಗಿ ತೊಳೆಸಿ, ಬೇರೇದ್ರ ಜೊತೆ ಸೇರದ ಹಾಗೆ ಒಂದು ಮೂಲೇಲಿ ಒಣಗಿಸಿ, ಆಯಮ್ಮನಿಗೆ ಅಂತ ಒಂದು ಡಬ್ಬೀಲಿ ಎತ್ತಿ…

ಯಾಕೆ ಮೆಷಿನ್ ನಿಲ್ಲಿಸ್ದೆ?

ಹಂಗೆ ನೋಡಬೇಡ. ಕೊಳೆತಿದ್ದನ್ನ ಯಾರು ಎತ್ತಿಡ್ತಾರೆ ಅಂತ ತಾನೇ? ಕೇಳು! ಬಾಯಿಬಿಟ್ಟು ಕೇಳು!

…ನಿನಗೆ ಆಶ್ಚರ್ಯನೇ ಆಗ್ಲಿಲ್ಲ. ಕಣ್ಣು ಕೂಡ ಮಿಟುಕಿಸ್ಲಿಲ್ಲ ನೀನು. ಗೊತ್ತಿತ್ತಾ? ಆವತ್ತಿಂದಾನೂ?

ಆವತ್ತು ಕೆಲಸದೋರು ಬರೋಕೆ ಮುಂಚೆ ನಾನು ತೊಟ್ಟಿ ಹತ್ರ ಹೋಗಿದ್ದೆ ಕಣೆ. ಮುಚ್ಚಿದ್ದ ಗೋಣಿ ಸರಿಸಿ ಮೊಣಕೈವರೆಗೂ ಕೈ ಇಳಿಸಿದೆ. ಬೀಜ ಮುಷ್ಟೀಲಿ ಗರಗರ ಅಂತು, ಒಂಚೂರೂ ಅಂಟಿಲ್ಲ. ಆ ವಾಸನೆ! ಇಪ್ಪತ್ತೆರಡು ವರ್ಷದಲ್ಲಿ ನನ್ನ ತೊಟ್ಟಿಯಿಂದ ಒಂದು ದಿನ ಅಂಥ ವಾಸನೆ ಎದ್ದಿರ್ಲಿಲ್ಲ. ಹೊಟ್ಟೆ ಉರಿದುಹೋಯ್ತು ನನಗೆ. ಕೈ ಒರೆಸ್ಕೊಂಡು, ಎಲ್ಲರೂ ಬರೋ ತನಕ ಕಾದು, ಆಮೇಲೆ ಕೂಗಾಡಿದೆ.

ಒಂದು ವರ್ಷ ಯಾರಿಗೂ ಹೇಳಲಿಲ್ವಲ್ಲೇ ನೀನು. ಗಂಡನಿಗೂ ಹೇಳಿಲ್ಲ, ಹೇಳಿದ್ರೆ ಅವನು ನನ್ನ ಸುಮ್ನೆ ಬಿಡ್ತಿದ್ನಾ? ಹೌದು, ಒಳ್ಳೇದಾಗಿದೆ ಅಂತ ಗೊತ್ತಿದ್ದೇ ಕೊಳೆತಿದೆ ಅಂದೆ. ಸಾಕಾ? ಕಾಲಿಗೆ ಬೀಳ್ತೀನಿ ಅಂತ ಮಾತ್ರ ಆಸೆ ಇಟ್ಕೋಬೇಡ, ಬೀಳಲ್ಲ ನಾನು! ಬೇಕಾದ್ರೆ ಬೈಯಿ. ಅಂಗಡಿ ಬಾಗಿಲು ತೆರೆದೇ ಇರ್ಲಿ, ಬೀದಿಗೆಲ್ಲಾ ಕೇಳಲಿ, ಪರವಾಗಿಲ್ಲ. …ಏನಾದ್ರೂ ಅನ್ನೇ. ಒಂದೇ ಒಂದ್ಸಲ ಬೈಯೇ ತಾಯಿ!