ಹುಲಿಗೆ ಹಿಡಿಸಿದ ಉಪವಾಸ

ಭಾದ್ರಪದದ ಮಳೆ. ಗೋಕಾಕದ ದಾರಿಯಲ್ಲಿ ಹಳ್ಳ ತುಂಬಿ ಬಸ್ಸು ಕಲ್ಲೋಳಿಯಲ್ಲೇ ನಿಂತುಬಿಟ್ಟಿತು. ನಾನೂ ನನ್ನ ಜೊತೆಯ ಶಿಕ್ಷಕಿ ಶುಭಾಂಗಿಯೂ ನೆನೆದುಕೊಂಡು ಅವಳ ಅಜ್ಜಿ ಜಿನ್ನವ್ವನ ಮನೆ ಸೇರಿದೆವು. ಜೈನರ ದಶಲಕ್ಷಣ ಪರ್ವದ ಹತ್ತು ದಿನಗಳು ಅವು. ಆ ದಿನಗಳಲ್ಲಿ ಅಜ್ಜಿ ಯಾರನ್ನೂ ಮನೆಗೆ ಕರೆಯುವುದಿಲ್ಲವೆಂದು ಶುಭಾಂಗಿ ಹಿಂಜರಿದಿದ್ದಳು. ಕರೆಂಟು ಹೋದ ಪಡಸಾಲೆಯಲ್ಲಿ ಕಂದೀಲಿನ ಸುತ್ತ ಕೂತಾಗ, ಯಾಕೆ ಹಾಗೆ ಎಂದು ನಾನೇ ಕೇಳಿಬಿಟ್ಟೆ.

"ನೀವು ಸಾಲಿ ಕಲಸಾವ್ರು, ದೆವ್ವಾ ಅಂದ್ರ ನಗತೀರಿ. ನಗ್ರಿ, ಯಾರ ಬ್ಯಾಡಂದ್ರು?" ಎಂದು ಅಜ್ಜಿ ಶುರುಮಾಡಿದಳು.

"ಎಂಟ ವರ್ಷ ಆತು. ಒಂದ ಸಣ್ಣ ಸರ್ಕಸ್ ಮೂಡಲಗಿ ಆಟ ಮುಗಿಸಿ ಹುಕ್ಕೇರಿಗೆ ಹೊಂಟಿತ್ತು. ಹುಲಿ ಆಡಸಬಾರದು ಅಂತ ಕಾಯ್ದೆ ಬಂದಿತ್ತಲ್ಲ, ಆಡದ ಹುಲಿಗೆ ಯಾಂವ ಹೊಟ್ಟಿಗೆ ಹಾಕ್ಯಾನು? ನಮ್ಮ ಹೊಲದ ಕರೀ ಮಣ್ಣಾಗ ಪಂಜರದ ಗಾಡಿ ಹುಗೀತು. ಹಣಮಂತ ಅನ್ನೂ ಆಳನ್ನ ಕಾಯಾಕ ಬಿಟ್ಟು, ನಾಕ ದಿನದಾಗ ಬರತೇನಿ ಅಂತ ಮಾಲಕ ಹೋದ, ಹೋದಾಂವ ಹೋದನ... ಒಳಗಿದ್ದಾಕಿ ರಾಣಿ, ಹೆಣ್ಣ ಹುಲಿ. ಬೆಂಕಿ ಹಚ್ಚಿದ ಕಬ್ಬಿಣದ ಬಳಿಯಾಗಿಂದ ಜಿಗದ ಜಿಗದ ಮುಂಗಾಲ ಸುಟ್ಟಿದ್ವು, ಎದ್ದರ ಬೆನ್ನಿಗೆ ಪಂಜರದ ಸರಳ ಬಡೀತಿದ್ವು, ಹೊರಳಾಕ ಜಾಗಾ ಇಲ್ಲ. ನೋಡಿ ಕರಳ ಚುರ್ ಅಂತು. ಇಲ್ಲೇ ಇರಲಿ ಪಾಪ ಅಂದೆ. ಹೌದು, ಪಾಪ ಅಂದಾಕಿ ನಾನ.

"ಮೂರನೇ ದಿನಕ್ಕ ಪರ್ವ ಕೂಡಿತು. ಕುರಿ ಕಾಯೂ ಕರೆಪ್ಪನ ಕಡಿಂದ ಹಣಮಂತ ಸತ್ತ ಟಗರ ಹೊತಗೊಂಡ ಬಂದಾಗ ನಾ ಒಡ್ಡಿನ ಮ್ಯಾಲ ಅಡ್ಡ ನಿಂತೆ. ಹತ್ತ ದಿನ ನಮ್ಮ ಮಣ್ಣಾಗ ಮಾಂಸ ಬರಂಗಿಲ್ಲ ಅಂದೆ. ತುಪ್ಪದ ಅನ್ನ ಇಟ್ಟೆ, ಮಾರಿ ತಿರುವಿತು. ಹಾಲ ಇಟ್ಟೆ, ನೆಕ್ಕಿ ವಾಂತಿ ಮಾಡಿತು. ಗಾಡಿ ಒಡ್ಡಿನ ಆಚೆ ಎಳಿಯೂನಂದ್ರ ಹುಲಿ ವಾಸನಿಗೆ ಎತ್ತ ನೊಗಾ ಕಿತಗೊಂಡ ಓಡಿದ್ವು. ನಮ್ಮ ಮನಿಯವ್ರನ್ನ ಕೇಳಿದ್ರ, ಅಡ್ಡಗ್ವಾಡಿ ಮ್ಯಾಲ ದೀಪ ಇಟ್ಟಂಗ, 'ನಿನ್ನ ಮನಸಿಗೆ ಬಂದಂಗ ಮಾಡ' ಅಂದ್ರು. ನಂದೂ ಹತ್ತ ದಿನದ ಉಪವಾಸ ಇತ್ತು. ನನ್ನಂಗ ಅದೂ ಇರಲಿ, ಪುಣ್ಯ ಬಂದೀತು, ಮೃಗದ ಜನ್ಮಾ ಕಳದೀತು ಅಂತ ತಿಳದೆ. ಎಂಥಾ ಖೋಡಿ ಬುದ್ಧಿ! ನನ್ನ ಉಪವಾಸ ನಾ ಹಿಡದದ್ದು... ಅದರ ಉಪವಾಸಕ್ಕ ಕೀಲಿ ಹಾಕಿದಾಕಿ ಯಾರು?

"ಒಂಬತ್ತನೇ ದಿನ ಹಣಮಂತ ನನ್ನ ಕಾಲ ಹಿಡದ. 'ಅವ್ವಾ, ಅದು ಏಳವಲ್ದು. ಒಂದ ತುತ್ತ ಹಾಕಾಕ ಬಿಡ್ರಿ.' ಇನ್ನೊಂದ ದಿನ ತಡಿಯೋ ಅಂದೆ... ಪರ್ವ ಮುಗದ ಮರುದಿನ ನಮ್ಮ ಕ್ಷಮಾವಣಿ, ಎಲ್ಲಾ ಜೀವಕ್ಕ ತಪ್ಪಾತು ಅಂತ ಕೈ ಮುಗಿಯೂ ದಿನ. ಮೊದಲ ರಾಣಿಗೆ ಮುಗೀಬೇಕಂತ ಹೊತ್ತ ಹೊಂಡೂದ್ರಾಗ ಹೋದೆ. ಸತ್ತಿತ್ತು. ಕಣ್ಣ ತಗದ, ನಾ ಅಡ್ಡ ನಿಂತಿದ್ದ ಕಡೆ ನೋಡಿಕೋತ ಸತ್ತಿತ್ತು. ಕೈ ಮುಗದೆ. ಸತ್ತದ್ದು ಹೆಂಗ ಕ್ಷಮಾ ಮಾಡತೈತಿ, ಹೇಳ್ರಿ?"

ಅಜ್ಜಿ ಸೆರಗಿನಿಂದ ಮುಖ ಒರೆಸಿಕೊಂಡಳು. ಶುಭಾಂಗಿ ನನ್ನ ಹತ್ತಿರಕ್ಕೆ ಸರಿದು ಕೂತಳು.

"ಅಲ್ಲೇ ಹೂಳಿದ್ವಿ. ಮುಂದಿನ ವರ್ಷ ಪರ್ವ ಕೂಡಿದ ದಿನ, ಎರಡ ರೊಟ್ಟಿ ಉಣ್ಣೂ ನಮ್ಮ ಮನಿಯವ್ರು ಹತ್ತ ಉಂಡ್ರು. ಹಸಿವು ಹೋಗವಲ್ದು ಅಂದ್ರು. ದಿನಾ ಉಂಡ್ರು... ಉಂಡಂಗ ಉಂಡಂಗ ಒಣಗಿದ್ರು. ಹಿತ್ತಲದಾಗ ಕಟ್ಟಿದ ಆಕಳ ಕರದ ಮುಂದ ಕುಂತು, ಅದನ್ನ ಒಂದ ನಮೂನಿ ನೋಡತಿದ್ರು. ಹತ್ತನೇ ದಿನ ತುತ್ತ ಬಾಯಾಗ ಇದ್ದಂಗನ ಜೀವ ಹೋತು. ಬಂದ ಡಾಕ್ಟರ ನನ್ನ ಮಾರಿ ನೋಡಿ ಕೇಳಿದ್ರು, 'ಇವ್ರಿಗೆ ಎಷ್ಟ ದಿನದಿಂದ ಊಟಾ ಹಾಕಿಲ್ಲ?' ಅಂತ.

"ರಾಣಿ ದೆವ್ವಾ ಹೊಡಿಯಂಗಿಲ್ಲ, ಬಡಿಯಂಗಿಲ್ಲ, ಈ ಹತ್ತ ದಿನ ಈ ಮನ್ಯಾಗ ಉಂಡಾವ್ರಿಗೆ ತನ್ನ ಹಸಿವು ಕೊಡತೈತಿ ಅಷ್ಟ. ನನ್ನ ಮುಟ್ಟಂಗಿಲ್ಲ. ನೀಡಾಕ ಮತ್ತ ನೋಡಾಕ ನನ್ನ ಇಟಗೊಂಡೈತಿ..."

ಅವಳು ಕಂದೀಲು ಎತ್ತಿ ನಮ್ಮಿಬ್ಬರ ಮುಖವನ್ನೂ ದಿಟ್ಟಿಸಿದಳು.

"ಹೊತ್ತ ಮುಳುಗೂದ್ರಾಗನ ನಿಮಗ ಹೊಟ್ಟಿ ತುಂಬ ನೀಡಿದ್ನಿ. ಖರೆ ಹೇಳ್ರಿ... ಮತ್ತ ಹಸಿವು ಆಗಾಕತ್ತಿಲ್ಲೇನು?"