ಪರದೆಯ ಹಿಂದೆ ಕುಳಿತವರ ಹಿಮಾಲಯ

ದಿನವೂ ಬೆಳಿಗ್ಗೆ ಬಳ್ಳಾರಿ ಗುಡ್ಡ ಹತ್ತಿ ಇಳಿದರೂ ಹೊಟ್ಟೆಯನ್ನು ಮಾತ್ರ ಇದ್ದ ಹಾಗೆಯೇ ಕಾಪಾಡಿಕೊಂಡು ಬಂದಿರುವ ಅಧ್ಯಕ್ಷರಾದ ದುರ್ಗೇಶ್ ಅವರೇ, ಕಳೆದೇ ಹೋಗಿದ್ದ ಚಿತ್ರವೊಂದನ್ನು ನಮಗೆ ಮರಳಿ ದೊರಕಿಸಿಕೊಟ್ಟ ಸಿರುಗುಪ್ಪದ ಆಯೇಶಾ ಅವರೇ, ಗುಡ್ಡದ ಗೆಳೆಯರ ಬಳಗದ ಸದಸ್ಯರೇ, ಫ್ಯಾನಿನ ಕೆಳಗೆ ಜಾಗ ಸಿಕ್ಕಿರುವ ಭಾಗ್ಯವಂತ ಸಭಿಕರೇ, ಸಿಗದೆ ಬೀಸಣಿಗೆ ಬೀಸಿಕೊಳ್ಳುತ್ತಿರುವ ಸಭಿಕರೇ,

ಇಂದು ಸನ್ಮಾನ ನನಗಲ್ಲ, ನಮ್ಮ ಮನೆಯವರಿಗೆ. ಅವರ ಹೆಸರು ಹೇಳುವ ರೂಢಿ ನನಗಿಲ್ಲ. ಫಲಕದ ಮೇಲೆ ಚನ್ನಬಸವ ಎಂದು ದೊಡ್ಡದಾಗಿ ಬರೆದಿದ್ದಾರೆ, ಓದಿಕೊಳ್ಳಿರಿ. ಸನ್ಮಾನ ಅವರಿಗಾದರೆ ಮಾತು ನನ್ನದೇಕೆ? ಒಳ್ಳೆಯ ಪ್ರಶ್ನೆ. ಶಾಲು ಹೊದಿಸಿ ಹಾರ ಹಾಕಿದ ಮರುಕ್ಷಣವೇ ಅವರು ವೇದಿಕೆ ಇಳಿದು ಮೊದಲ ಸಾಲಿಗೆ ಹೋಗಿ, ಅದರಲ್ಲೂ ಬಾಗಿಲ ಪಕ್ಕದ ಕುರ್ಚಿಯನ್ನೇ ಹುಡುಕಿ ಕುಳಿತಿದ್ದನ್ನು ನೀವೆಲ್ಲ ನೋಡಿದ್ದೀರಿ. ದುರ್ಗೇಶ್ ಅವರು ನಮ್ಮ ಮನೆಗೆ ಬಂದು, ಸನ್ಮಾನದ ನಂತರ ಆ ಹಳೆಯ ಚಿತ್ರ ತೋರಿಸುತ್ತೇವೆ, ಹಿಂದಿನಂತೆ ನೀವೇ ವಿವರಣೆ ಕೊಡಬೇಕು ಎಂದು ಕೇಳಿಕೊಂಡಾಗ, ಇವರು ತುಟಿ ಬಿಚ್ಚದೆ ನನ್ನ ಕಡೆ ಬೆರಳು ತೋರಿಸಿದರು. ಆ ಬೆರಳಿನ ಫಲವಾಗಿ ನಾನಿಲ್ಲಿ ನಿಂತಿದ್ದೇನೆ.

ಮಾತೇ ಬಾರದ ಮನುಷ್ಯನೇ ಇವರು? ಸರ್ಕಾರದ ಪ್ರಚಾರ ಇಲಾಖೆಯ ವ್ಯಾನಿನಲ್ಲಿ ಪ್ರೊಜೆಕ್ಟರ್ ಹೇರಿಕೊಂಡು ಕೊಳಗಲ್ಲು, ಹಲಕುಂದಿ, ಸಂಗನಕಲ್ಲು, ಕುರುಗೋಡು, ಸಿರುಗುಪ್ಪ ಎಂದು ಊರೂರು ಅಲೆದವರು. ಚಿತ್ರಗಳು ಬರುತ್ತಿದ್ದುದು ಇಂಗ್ಲಿಷಿನಲ್ಲಿ ಇಲ್ಲವೇ ಹಿಂದಿಯಲ್ಲಿ. ಅದರ ದನಿ ತಗ್ಗಿಸಿ, ಮೈಕು ಹಿಡಿದು ಇವರೇ ಕನ್ನಡದಲ್ಲಿ ಕಥೆ ಹೇಳುತ್ತಿದ್ದರು. ಗಡಿಯ ಕಡೆಯ ಊರಾದರೆ ತೆಲುಗು. ಸೊಳ್ಳೆಯ ಚಿತ್ರವಿದ್ದರೂ ಸರಿ, ಗೊಬ್ಬರದ ಚಿತ್ರವಿದ್ದರೂ ಸರಿ, ಅದರಲ್ಲೊಬ್ಬ ನಾಯಕ, ಒಬ್ಬ ಖಳನಾಯಕ ಇರಲೇಬೇಕು.

ಎರಡು ವರ್ಷದ ಹಿಂದೆ ಲಕ್ವ ಹೊಡೆಯಿತು. ಕೈಕಾಲು ಬೇಗ ಸರಿಹೋದವು, ಮಾತು ತೊದಲಿತು. ಈಗ ಅದೂ ಬಹಳಮಟ್ಟಿಗೆ ಸರಿಹೋಗಿದೆ ಎಂದು ಡಾಕ್ಟರು ಹೇಳುತ್ತಾರೆ. ನಾನೂ ಹೇಳುತ್ತೇನೆ. ಸಾರಿಗೆ ಉಪ್ಪು ಕಡಿಮೆಯಾದ ದಿನ ಅವರ ಬಾಯಲ್ಲಿ ಒಂದಕ್ಷರವೂ ಜಾರುವುದಿಲ್ಲ! ಆದರೆ ಹೊಸ್ತಿಲು ದಾಟಿದರೆ ಬಾಯಿಗೆ ಬೀಗ. ಹಾಲಿನವನು ಬಂದರೆ ಎಷ್ಟು ಬೇಕೆಂದು ಬೆರಳಿನಲ್ಲಿ ತೋರಿಸುತ್ತಾರೆ. ಫೋನು ಬಂದರೆ ಪಾಯಖಾನೆಗೆ ಹೋಗುತ್ತಾರೆ. ಯಾರಾದರೂ ನಕ್ಕಾರೆಂಬ ಅಂಜಿಕೆ. ಇಡೀ ಜಿಲ್ಲೆಯನ್ನು ನಗಿಸಿದವರಿಗೆ ನಗುವಿನ ಅಂಜಿಕೆ.

ಇರಲಿ, ಚಿತ್ರದ ವಿಷಯಕ್ಕೆ ಬರುತ್ತೇನೆ. ಇದು ನಮ್ಮ ದೇಶದ ತಂಡವೊಂದು ಹಿಂದೆ ಯಾವಾಗಲೋ ಹಿಮಾಲಯದ ಶಿಖರ ಏರಿದ ಕಪ್ಪುಬಿಳುಪಿನ ಚಿತ್ರ. ಇಲಾಖೆಯವರು ಬೇಡವೆಂದು ಹರಾಜಿಗೆ ಹಾಕಿದಾಗ ವ್ಯಾನಿನ ಡ್ರೈವರ್ ಖಾದರಸಾಬ್ ಅವರು ಇದರ ರೀಲುಗಳನ್ನು ಕೊಂಡು ಮನೆಗೊಯ್ದರು. ಅವರ ಮೊಮ್ಮಗಳೇ ಈ ಆಯೇಶಾ. ಅಜ್ಜನ ಮನೆಯ ಅಟ್ಟದಲ್ಲಿ, ಭತ್ತದ ಖಾಲಿ ಚೀಲಗಳ ಕೆಳಗೆ ಸಿಕ್ಕ ಡಬ್ಬಿಗಳನ್ನು ದೂರದ ಊರಿಗೆ ಒಯ್ದು ಕಂಪ್ಯೂಟರಿಗೆ ಹಾಕಿಸಿಕೊಂಡು ಬಂದಿದ್ದಾಳೆ. ಚಿತ್ರ ಚೆನ್ನಾಗಿ ಉಳಿದಿದೆ. ದನಿ ಪೂರಾ ಹೋಗಿದೆ.

ನಾನು ಕುರುಗೋಡಿನ ಶಾಲೆಗೆ ಹೊಸದಾಗಿ ಟೀಚರಾಗಿ ಬಂದಿದ್ದ ವರ್ಷ ಈ ಚಿತ್ರ ನಮ್ಮೂರಿಗೆ ಬಂತು. ಮಾರ್ಚ್ ತಿಂಗಳ ಕೊನೆ. ಕುರುಗೋಡಿನ ಬಂಡೆಗಲ್ಲುಗಳು ಹಗಲಿಡೀ ಕುಡಿದ ಬಿಸಿಲನ್ನು ಸಂಜೆ ನಮ್ಮ ಮೇಲೆ ಕಕ್ಕುವ ಕಾಲ. ಶಾಲೆಯ ಮುಂದೆ ಎರಡು ಗಳ ನೆಟ್ಟು ಬಿಳಿ ಬಟ್ಟೆ ಕಟ್ಟಿ, ಅದಕ್ಕೆ ನೀರು ಚಿಮುಕಿಸಿದರು. ಹಸಿ ಬಟ್ಟೆಯಾದರೆ ಚಿತ್ರ ಎರಡೂ ಕಡೆ ಕಾಣುತ್ತದೆ. ಪ್ರೊಜೆಕ್ಟರಿನ ಕಡೆ ಗಂಡಸರು, ಪರದೆಯ ಹಿಂದೆ ನಾವು ಹೆಂಗಸರು. ಆಗಿನ ಪದ್ಧತಿಯೇ ಹಾಗೆ, ಯಾರೂ ಏಕೆಂದು ಕೇಳಿದ್ದಿಲ್ಲ. ಹಿಮ ಕಂಡಾಗ ನನ್ನ ಪಕ್ಕದಲ್ಲಿದ್ದ ಪಕ್ಕೀರಮ್ಮ ಅದನ್ನು ಹತ್ತಿಯೆಂದೇ ತಿಳಿದು, "ಏಟ್ ಅರಳಿ ಬೆಳದಾರ ಯವ್ವಾ, ಬಿಡಸಾಕ ಆಳು ಎಲ್ಲಿ ಸಿಗಬೇಕು?" ಎಂದಳು.

ಚಿತ್ರದ ಕೊನೆಯ ಭಾಗದಲ್ಲಿ ಒಂದು ಡೇರೆ. ಅದರ ಮುಂದೆ ಇಬ್ಬರು ಕುಳಿತು ಚಹಾ ಕುಡಿಯುತ್ತಿದ್ದಾರೆ. ಒಬ್ಬರಿಗೆ ಗಡ್ಡ, ಇನ್ನೊಬ್ಬರಿಗೆ ಇಲ್ಲ. ನಮ್ಮ ಮನೆಯವರು, ಅಂದರೆ ಆಗಿನ್ನೂ ನನ್ನ ಮನೆಯವರಾಗಿರದ ಇವರು, ಅಳುವ ದನಿಯಲ್ಲಿ ಮೈಕಿನಲ್ಲಿ ಹೇಳಿದರು: "ಎಡಕ್ಕ ಕುಂತಾರಲ್ಲ, ಅವರ ಕಾಲು ಹಿಮಕ್ಕ ಸತ್ತು ಹೋಗ್ಯಾವು ನೋಡ್ರಿ. ನಾಳಿ ಅವರು ಹತ್ತಾಂಗಿಲ್ಲ."

ನಾವು ಎಡಕ್ಕೆ ನೋಡಿದೆವು. ನಮ್ಮ ಎಡಕ್ಕೆ ಇದ್ದವರು ಗಡ್ಡದವರು. ಪರದೆಯ ಹಿಂದಿನಿಂದ ನೋಡಿದರೆ ಎಲ್ಲವೂ ತಿರುಗಾಮುರುಗಾ ಎಂದು ಎಷ್ಟೋ ಊರು ಸುತ್ತಿದ ಈ ಬುದ್ಧಿವಂತರಿಗೆ ಹೊಳೆದಿರಲಿಲ್ಲ. ಹೆಂಗಸರೆಲ್ಲ ಗಡ್ಡದವರಿಗಾಗಿ ಅತ್ತರು. ಮರುದಿನದ ದೃಶ್ಯದಲ್ಲಿ ನೋಡಿದರೆ, ಅದೇ ಗಡ್ಡದವರು ಶಿಖರದ ತುದಿಯಲ್ಲಿ ಬಾವುಟ ಹಿಡಿದು ನಿಂತಿದ್ದಾರೆ! ಕಾಲು ಸತ್ತವರು ಹಿಮಾಲಯ ಹತ್ತಿದ್ದಾರೆ! ಕಾಲು ನೆಟ್ಟಗಿದ್ದವರು ಇನ್ನೊಬ್ಬರ ಬೆನ್ನ ಮೇಲೆ ಕುಳಿತು ಆರಾಮಾಗಿ ಇಳಿಯುತ್ತಿದ್ದಾರೆ. ಗಂಡಸರಲ್ಲಿ ಅಂಥವರೂ ಇರುತ್ತಾರೆ ಎಂದು ನಮಗೆ ಅದೇನೂ ವಿಚಿತ್ರವಾಗಿ ಕಾಣಲಿಲ್ಲ.

ಈಗ ಪಕ್ಕೀರಮ್ಮನ ಮನೆಯ ಸಂಗತಿ ಹೇಳಬೇಕು. ಅವಳ ಗಂಡ ಚಂದ್ರಣ್ಣ ಕಲ್ಲು ಒಡೆಯುವಾಗ ಬಂಡೆಯ ಮೇಲಿಂದ ಬಿದ್ದು ಕಾಲು ಮುರಿದುಕೊಂಡಿದ್ದ. ಮೂಳೆ ಕೂಡಿತ್ತು. ಬಳ್ಳಾರಿಯ ಡಾಕ್ಟರು ನಡೆ ಎಂದಿದ್ದರು. ಆದರೆ ಅವನೊಳಗೆ ಅಂಜಿಕೆ ಕುಳಿತಿತ್ತು. ಕುಂಟುವುದನ್ನು ನಾಲ್ಕು ಜನ ನೋಡಿಯಾರೆಂದು ಮಂಚ ಬಿಟ್ಟು ಕದಲುತ್ತಿರಲಿಲ್ಲ. ಚಿತ್ರ ನೋಡಲೂ ಬಂದಿರಲಿಲ್ಲ.

ಮರುದಿನ ಶಾಲೆಯಲ್ಲಿ ನಮ್ಮ ಹೆಡ್‌ಮಾಸ್ತರರು ಗಂಡಸರ ಕಡೆಯ ಕಥೆ, ಅಂದರೆ ಕಾಲು ಸತ್ತವರು ಗಡ್ಡವಿಲ್ಲದವರೆಂಬ ಕಥೆ ಹೇಳಿದಾಗ ನನಗೆ ಗುಟ್ಟು ತಿಳಿಯಿತು. ನಾನು ಗಣಿತದ ಟೀಚರು. ತಪ್ಪು ಉತ್ತರ ಕಂಡರೆ ಮೈ ಉರಿಯುತ್ತದೆ. ನೇರ ವ್ಯಾನಿನ ಹತ್ತಿರ ಹೋಗಿ ಇವರನ್ನು ತರಾಟೆಗೆ ತೆಗೆದುಕೊಂಡೆ. ಇವರು ತಲೆ ಕೆರೆದುಕೊಂಡು, ತಾವು ಒಂದು ದಿನವೂ ಪರದೆಯ ಹಿಂದೆ ಹೋಗಿ ನೋಡಿಲ್ಲವೆಂದರು. ಹಾಗಾದರೆ ಮನೆಮನೆಗೆ ಬಂದು ತಿದ್ದಿರಿ ಎಂದೆ. ಮೊದಲು ಪಕ್ಕೀರಮ್ಮನ ಮನೆ, ಏಕೆಂದರೆ ಬಹಳ ಅತ್ತವಳು ಅವಳೇ.

ಹೋದೆವು. ಒಳಗಿನಿಂದ ಅವಳ ದನಿ ಕೇಳುತ್ತಿತ್ತು: "ಕಾಲು ಸತ್ತಾವನ ಹಿಮಾಲಯ ಹತ್ಯಾನ. ನಿನಗ ಬಾಗಲ ತನಕ ಬರಾಕ ಆಗವಲ್ದೇನು?"

ಚಂದ್ರಣ್ಣ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದ. ಕಾಲು ನಡುಗುತ್ತಿದ್ದವು, ಮೈಯೆಲ್ಲ ಬೆವರು, ಆದರೂ ನಿಂತಿದ್ದ. ನಮ್ಮನ್ನು ಕಂಡ ಪಕ್ಕೀರಮ್ಮ, ನಿನ್ನೆ ನಾವು ಕಂಡದ್ದು ಖರೆಯೋ ಸುಳ್ಳೋ ಇವನಿಗೆ ಹೇಳಿರಿ ಎಂದು ಇವರನ್ನೇ ಕೇಳಿದಳು. ಇವರು ನನ್ನ ಮುಖ ನೋಡಿದರು. ಅವನ ಕಾಲು ನೋಡಿದರು. ಆಮೇಲೆ ಹೇಳಿದರು: "ನೀವು ಕಂಡಿದ್ದು ಖರೇನ ಐತ್ರಿ ಯವ್ವಾ. ಗಡ್ಡದಾತನ ಹತ್ಯಾನ."

ಸುಳ್ಳೇನೂ ಅಲ್ಲವಲ್ಲ? ಹತ್ತಿದವರು ಗಡ್ಡದವರೇ. ಕಾಲಿನ ಮಾತು ಇವರು ಎತ್ತಲಿಲ್ಲ, ಅಷ್ಟೇ. ನಾನು ಬಾಯಿ ತೆರೆದವಳು ಹಾಗೆಯೇ ಮುಚ್ಚಿಕೊಂಡೆ. ಸಭಿಕರೇ, ಈ ವಯಸ್ಸಿನಲ್ಲಿ ಹೇಳಲು ನಾಚಿಕೆಯೇನು? ತಪ್ಪು ಉತ್ತರಕ್ಕೆ ಪೂರ್ತಿ ಅಂಕ ಕೊಟ್ಟಿದ್ದು ನನ್ನ ಜೀವನದಲ್ಲಿ ಅದೊಂದೇ ಸಲ. ಮುಂದಿನ ವರ್ಷ ನಮ್ಮ ಮದುವೆಯಾಯಿತು.

ಮದುವೆಗೆ ಚಂದ್ರಣ್ಣ ಕುಂಟುತ್ತಲೇ ಬಂದು, ಎರಡು ಪಂಕ್ತಿಯಲ್ಲಿ ಉಂಡು, ಇವರ ಕಿವಿಯಲ್ಲಿ ಹೇಳಿದನಂತೆ: "ಗಂಡಸರ ಕಡಿ ಕಥಿ ನನಗ ಅವತ್ತ ಸಂಜಿಕೇ ಗೊತ್ತಾತ್ರಿ. ಆದ್ರ ಒಮ್ಮಿ ಎದ್ದು ನಿಂತಾವ ಮತ್ತ ಹ್ಯಾಂಗ ಮಲಗಲಿ? ಆಕಿ ನೋಡಾಕತ್ತಿದ್ಲು."

ಈಗ ಆ ಚಿತ್ರ ಮತ್ತೆ ಶುರುವಾಗಬೇಕು. ಓದಿರಿ ಎಂದು ಆಯೇಶಾ ಪಾಪ ವಿವರಣೆಯನ್ನು ಅಂದವಾಗಿ ಬರೆದುಕೊಟ್ಟಿದ್ದಾಳೆ. ಮಗಳೇ, ತಪ್ಪು ತಿಳಿಯಬೇಡ, ನಾನು ಇದನ್ನು ಓದುವುದಿಲ್ಲ. ನಾನು ಈ ಚಿತ್ರವನ್ನು ಮುಂದಿನಿಂದ ನೋಡಿದವಳೇ ಅಲ್ಲ. ಮದುವೆಯಾದ ಮೇಲೂ ಹೋದಲ್ಲೆಲ್ಲ ಹೆಂಗಸರ ಕಡೆಯೇ ಕುಳಿತೆ, ಬಟ್ಟೆಯ ಆಚೆಯಿಂದ ಬರುವ ಆ ದನಿಗಾಗಿಯೇ ಕುಳಿತೆ. ಎರಡು ವರ್ಷದಿಂದ ಮನೆ ತುಂಬ ಟಿ.ವಿ. ದನಿ ಇದೆ, ಕುಕ್ಕರಿನ ದನಿ ಇದೆ, ನನ್ನ ದನಿಯಂತೂ ಇದ್ದೇ ಇದೆ. ನನಗೆ ಬೇಕಾದ ದನಿಯೊಂದು ಬಿಟ್ಟು.

ರೀ, ಇಲ್ಲಿ ನೋಡ್ರಿ. ಇಷ್ಟು ಮಂದಿ ಮುಂದ ಕೇಳಾಕತ್ತೀನಿ. ಉಪ್ಪಿನ ಮಾತು ಮನ್ಯಾಗ ಆಡ್ರಿ, ಬ್ಯಾಡನ್ನಂಗಿಲ್ಲ. ಆದ್ರ ಮೈಕಿನ್ಯಾಗ ನಿಮ್ಮ ದನಿ ಕೇಳೂತನಕ ನನ್ನ ಜೀವಕ್ಕ ಸಮಾಧಾನ ಇಲ್ಲ. ತೊದಲಿದ್ರ ತೊದಲಲಿ. ಡೇರೆ ಮುಂದ ಇಬ್ಬರು ಚಹಾ ಕುಡಿಯಾಕ ಕುಂತಿರತಾರ, ಅವರಿಗೇನ ಅವಸರ ಇಲ್ಲ.

ಸಭಿಕರೇ, ನಗುವವರಿದ್ದರೆ ಈಗಲೇ ನಕ್ಕು ಮುಗಿಸಿಬಿಡಿರಿ. ಅವರು ಬಾಗಿಲ ಕಡೆ ನೋಡುತ್ತಿದ್ದಾರೆ. ನನಗೂ ಕಾಣುತ್ತಿದೆ. ಹೋಗುವುದಾದರೆ ಹೋಗಲಿ, ಯಾರೂ ತಡೆಯಬೇಡಿರಿ.

ಎದ್ದರು.

ಶಾಲು ತೆಗೆದು ಕುರ್ಚಿಯ ಮೇಲೆ ಇಡುತ್ತಿದ್ದಾರೆ. ಮೈಕು ಹಿಡಿಯುವ ಮುಂಚೆ ಹೆಗಲ ಮೇಲಿದ್ದ ಟವೆಲ್ಲನ್ನು ಹೀಗೆಯೇ ತೆಗೆದಿಡುತ್ತಿದ್ದರು.

ನನ್ನ ಮಾತು ಮುಗಿಯಿತು. ಕರೆದವರಿಗೂ ಕೇಳಿದವರಿಗೂ ನಡುವೆ ಆಕಳಿಸಿದವರಿಗೂ ವಂದನೆಗಳು. ಆ ಖಾಲಿ ಕುರ್ಚಿಯಲ್ಲಿ ನಾನು ಕುಳಿತುಕೊಳ್ಳುತ್ತೇನೆ, ಬೇರೆ ಯಾರೂ ಕೂರಬೇಡಿರಿ. ಲೈಟು ಆರಿಸಿರಿ. ಮೈಕಿನ ತಮ್ಮಾ, ಇದನ್ನು ಸ್ವಲ್ಪ ಕೆಳಗಿಳಿಸಪ್ಪಾ, ಅವರು ನನಗಿಂತ ಕುಳ್ಳು. ನಮಸ್ಕಾರ.